ಕೆಂಚನ ಉಪವಾಸದ ಊಟ

ನಮ್ಮ ದೊಡ್ಡಮ್ಮ ಗುರುಮಲ್ಲಮ್ಮನಿಗೆ ಬೇಗೂರಿನಲ್ಲಿ ನಾಲ್ಕೆಕರೆ ಅರಿಶಿನ, ಕೊರಳಲ್ಲಿ ಲಿಂಗ, ಬಾಯಲ್ಲಿ ಬೈಗುಳ. ಮೂರನ್ನೂ ಒಂದು ದಿನವೂ ಬಿಟ್ಟವಳಲ್ಲ. ಹೊಲದ ಪಕ್ಕದಲ್ಲೇ ಇರುವ ಅವಳ ಮನೆಗೆ ಒಂದೇ ಕಾಯ್ದೆ: ಗೇಟಿನೊಳಗೆ ಮಾಂಸ ಬರಕೂಡದು. ಅದಕ್ಕೇ ಇಪ್ಪತ್ತು ವರ್ಷದಿಂದ ಅವಳ ಹೊಲದಲ್ಲಿ ಕಳೆ ಕೀಳುವ ಮಂಚಮ್ಮ, ಬುತ್ತಿಯಲ್ಲಿ ಮೀನಿರಲಿ ಬಿಡಲಿ, ಗೇಟಿನಾಚೆ ಹುಣಸೆಮರದ ಕೆಳಗೇ ಉಣ್ಣಬೇಕು. ಸೊಪ್ಪಿನ ಸಾರಿನ ದಿನವೂ ಅಲ್ಲೇ. ಇದೆಂಥ ನ್ಯಾಯ ಎಂದು ನಾನೂ ಕೇಳಿದವನಲ್ಲ. ಕೇಳಿದ್ದರೆ ನನಗೆ ಕಾಫಿ ಸಿಗುತ್ತಿರಲಿಲ್ಲ.

ಕೆಂಚ ದೊಡ್ಡಮ್ಮನ ನಾಯಿ. ಮೊಸರು ಕಲಸಿದ ರಾಗಿಮುದ್ದೆ ಬಿಟ್ಟು ಬೇರೆ ಪ್ರಪಂಚ ಕಾಣದ ಪ್ರಾಣಿ. ಸೋಮವಾರ ದೊಡ್ಡಮ್ಮ ಧಾನ್ಯ ಮುಟ್ಟದೆ ಬಾಳೆಹಣ್ಣು, ಹಾಲಿನಲ್ಲೇ ಇದ್ದರೆ ಕೆಂಚನಿಗೂ ಅದೇ ಗತಿ. ಮೋಕ್ಷ ಎಷ್ಟು ಹತ್ತಿರ ಬಂತೋ ತಿಳಿಯದು, ಹೋದ ವರ್ಷ ಅವನ ಮೈಕೂದಲು ಉದುರತೊಡಗಿತು. ಪಕ್ಕೆಲುಬು ಎಣಿಸಬಹುದಾಗಿತ್ತು. ಜಗಲಿಯಿಂದ ಏಳುವುದನ್ನೇ ಬಿಟ್ಟ. ದೊಡ್ಡಮ್ಮ ಬೈಯುವುದನ್ನೂ ಮರೆತು ಅವನ ಪಕ್ಕ ಕೂತಿದ್ದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ನಾಯಿಯ ತಿಂಡಿ ಕೇಳಿದ್ದಕ್ಕೆ ಗುಂಡ್ಲುಪೇಟೆಯ ಅಂಗಡಿಯವನು ಎರಡು ಚೀಲ ತೋರಿಸಿದ. ಒಂದರಲ್ಲಿ ಅಕ್ಕಿ, ಜೋಳ ಇದೆ, ಇನ್ನೊಂದು ಗ್ರೇನ್-ಫ್ರೀ. "ಈಗ ಎಲ್ಲಾರೂ ಇದನ್ನೇ ತಗಳದು ಸಾರ್" ಎಂದ. ಎಲ್ಲರೂ ಎಂದರೆ ಯಾರು ಎಂದು ಕೇಳದೆ ತಂದೆ. ಚೀಲದ ಮೇಲೆ ವಿದೇಶಿ ನಾಯಿಯೊಂದು ನಗುತ್ತಿತ್ತು. ಹಿಂಬದಿಯ ಸಣ್ಣಕ್ಷರದಲ್ಲಿ ಕೋಳಿಮಾಂಸ ಎಂದಿದ್ದುದನ್ನು ಓದಿದೆ, ಓದಿ ಸುಮ್ಮನಾದೆ.

"ಗ್ರೇನ್-ಫ್ರೀ ಅಂದ್ರೇನ್ಲಾ ಸೋಮೇಶ?"

"ಧಾನ್ಯ ಇರಾಕಿಲ್ಲ ದೊಡ್ಡಮ್ಮ."

ಅವಳ ಮುಖ ಅರಳಿತು. "ಅಂಗಂದ್ರೆ ಉಪಾಸದ್ ಊಟ! ನಾಯ್ಗೂ ವ್ರತ ಅದೆ ಅಂತ ಕಂಪ್ನಿಯೋರ್ಗೂ ಗೊತ್ತು ಕಣ್ಲಾ."

ತಿದ್ದಬೇಕಿತ್ತು, ತಿದ್ದಲಿಲ್ಲ. ದಿನಾ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ, ಚೀಲದೊಳಗಿನ ಗೋಲಿಯಂಥ ಉಂಡೆಗಳನ್ನು ಬಿಸಿನೀರಲ್ಲಿ ನೆನೆಸಿ ಕೈಯಾರೆ ಕಿವುಚಿ ತಿನ್ನಿಸತೊಡಗಿದಳು. ತಿಂಗಳು ತುಂಬುವಷ್ಟರಲ್ಲಿ ಕೆಂಚ ಎದ್ದು ಪೋಸ್ಟ್‌ಮ್ಯಾನನ್ನು ಅಟ್ಟಿಸಿಕೊಂಡು ಹೋದ. ಎಲ್ಲಾ ಉಪವಾಸದ ಮಹಿಮೆ ಎಂದು ದೊಡ್ಡಮ್ಮ ಬೀದಿಗೆಲ್ಲ ಸಾರಿದಳು.

ಒಂದು ಬೆಳಿಗ್ಗೆ ದೊಡ್ಡಮ್ಮ ಅದನ್ನು ಕಿವುಚುತ್ತಿರುವಾಗ ನೀರು ಕೇಳಲು ಗೇಟಿನ ಬಳಿ ಬಂದ ಮಂಚಮ್ಮ ಮೂಗರಳಿಸಿದಳು. "ಅಮ್ಮಾವ್ರೆ, ಇದು ಕೋಳಿ ವಾಸ್ನೆ."

"ಬಾಯ್ ಮುಚ್ಚು ಕಣಮ್ಮಿ, ಉಪಾಸದ್ದು!"

"ನಾ ಕೋಳಿ ತಿನ್ನೋಳು. ನಂಗ್ ಗೊತ್ತಾಗಾಕಿಲ್ವಾ?"

ದೊಡ್ಡಮ್ಮ ನನ್ನತ್ತ ತಿರುಗಿದಳು. ನಾನು ಸೂರಿನ ಹೆಂಚು ಎಣಿಸಿದೆ. ಆಮೇಲೆ ಬಂದ ಬೈಗುಳವನ್ನು ಇಲ್ಲಿ ಬರೆಯಲಾರೆ, ನಮ್ಮಪ್ಪನ ಪೂರ್ವಿಕರೂ ಅದರಲ್ಲಿದ್ದರು. ಮೂರು ಸಲ ಕೈ ತೊಳೆದು, ತಲೆಗೆ ನೀರು ಹಾಕಿಕೊಂಡು, ಬೇರೇನು ಹಾಕಬೇಕೆಂದು ಕೇಳಿಕೊಂಡು ಬರಲು ನಾಯಿಯ ಜೊತೆ ನನ್ನನ್ನೂ ದನದ ಆಸ್ಪತ್ರೆಗೆ ಅಟ್ಟಿದಳು.

ದನದ ಡಾಕ್ಟರು ನಕ್ಕರು. "ರಾಗಿ ಏನ್ರೀ ತಪ್ಪು ಮಾಡಿತ್ತು? ಧಾನ್ಯ ಇರಲಿ. ಜೊತೆಗೆ ಮೊಟ್ಟೆನೋ ಮಾಂಸನೋ ಬೇಯಿಸಿ ಹಾಕಿ. ಮತ್ತೆ ಬರೀ ಮೊಸರು ಮುದ್ದೆ ಅಂದ್ರೆ ಇದು ಉಳಿಯಲ್ಲ."

ಕಾಯ್ದೆ ಉಳಿಯಬೇಕೋ, ಕೆಂಚನೋ? ದೊಡ್ಡಮ್ಮ ಎರಡು ದಿನ ಯಾರನ್ನೂ ಬೈಯಲಿಲ್ಲ. ಮೂರನೆಯ ದಿನ ಕೆಂಚನನ್ನು ತಟ್ಟೆಯ ಸಮೇತ ಗೇಟಿನಾಚೆ ದಾಟಿಸಿದಳು. "ಮಂಚಿ, ನೀನೇ ಏನಾರ ಇಕ್ಕು. ನಂಗ್ ಕಾಣ್ದಂಗ್ ಇಕ್ಕು."

ನನಗೆ ಸಿಟ್ಟು ಬಂತು. ನಾಯಿಯ ಜೀವಕ್ಕಾಗಿಯಾದರೂ ಕಾಯ್ದೆ ಸಡಿಲವಾದೀತು, ಆ ನೆಪದಲ್ಲಿ ಮಂಚಮ್ಮನೂ ಜಗಲಿ ಹತ್ತಿಯಾಳು ಎಂದುಕೊಂಡಿದ್ದೆ. ನಾಯಿಯೇ ಹೊರಗೆ ಹೋಯಿತು.

ಮಂಚಮ್ಮ ತನ್ನ ಮುದ್ದೆ ಮುರಿದು, ಬೇಯಿಸಿದ ಮೊಟ್ಟೆ ಹಿಸುಕಿ ಇಕ್ಕಿದಳು. ತಿಂದ ಕೆಂಚ ಅಲ್ಲೇ ಮಲಗಿದ. ಮರುದಿನವೂ ಅಲ್ಲೇ. ದೊಡ್ಡಮ್ಮ ಜಗಲಿಯಿಂದ ಕೂಗಿದರೆ ಕಿವಿ ಆಡಿಸಿ, ಮಂಚಮ್ಮನ ಮಡಿಲಲ್ಲಿ ಮೂತಿ ಇಡುತ್ತಿದ್ದ. ಒಂದು ವಾರ ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ, ದೊಡ್ಡಮ್ಮ ತನ್ನ ಊಟದ ತಟ್ಟೆ ಹಿಡಿದುಕೊಂಡು ಗೇಟು ದಾಟಿದಳು.

"ನಾಯ್ ನೋಡನ ಅಂತ ಬಂದೆ ಕಣಮ್ಮಿ" ಎಂದು ನಿಂತೇ ಇದ್ದಳು.

ಮಂಚಮ್ಮ ಬುತ್ತಿಯ ಮುಚ್ಚಳ ಹಾಕಿ, ಸರಿದು ಜಾಗ ಮಾಡಿದಳು. "ಕೂತ್ಕಳಿ ಅಮ್ಮಾವ್ರೆ. ಈ ಕಡೆ ಬ್ಯಾಡ, ಗಾಳಿ ಬರೋ ಕಡೆ ಕೂತ್ಕಳಿ. ನಿಮ್ಗೆ ನನ್ ಮೀನ್ ವಾಸ್ನೆ ಬಡಿಯಾಕಿಲ್ಲ."