ವಿಭೂತಿಯ ಮೇಲೊಂದು ಕರಿ ಗೆರೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಗಲ್ಲಿಯೊಂದರಲ್ಲಿ ಹಫೀಜ ಉಸ್ತಾದರ ವರ್ಕ್‌ಶಾಪು ಇದೆ. ಅಲ್ಲಿಗೆ ಬರುವ ಎಂಜಿನ್ನುಗಳಲ್ಲಿ ಹೆಚ್ಚಿನವು ವಯಸ್ಸಾದವು, ತಯಾರಿಸಿದವರೇ ಮರೆತಂಥವು. ಬಿಚ್ಚಿದ ಎಂಜಿನ್ನಿನ ಯಾವ ಭಾಗ ಮರಳಿ ಒಳಗೆ ಹೋಗಬೇಕು, ಯಾವುದು ಗುಜರಿಯ ಪಾಲಾಗಬೇಕು ಎಂಬ ತೀರ್ಪು ಮೂವತ್ತೆಂಟು ವರ್ಷಗಳಿಂದ ಅವರದೇ. ಆ ತೀರ್ಪಿನ ಮೇಲೆ ಮೇಲ್ಮನವಿ ಹೋದದ್ದನ್ನು ಯಾರೂ ಕಂಡಿಲ್ಲ.

ಅವರ ಹೆಸರು ನಿಂತಿದ್ದದ್ದು ಕ್ರ್ಯಾಂಕಿನ ಮೇಲೆ. ಪಿಸ್ಟನ್ನಿನ ಏರಿಳಿತವನ್ನು ಗಾಲಿಯ ತಿರುಗಾಟವಾಗಿಸುವ ಅಂಕುಡೊಂಕಾದ ಉಕ್ಕಿನ ದಂಡವೇ ಕ್ರ್ಯಾಂಕು. ಓಡುವಾಗ ಅದು ಮುರಿದರೆ ಎಂಜಿನ್ನು ಹೊಟ್ಟೆ ಒಡೆದುಕೊಳ್ಳುತ್ತದೆ, ಗಾಲಿಗಳು ಇದ್ದಕ್ಕಿದ್ದಂತೆ ಹಿಡಿದುಬಿಡುತ್ತವೆ. ಗಾಡಿಯಲ್ಲಿ ಕುಳಿತವರ ಗತಿ ಅವರವರ ದೇವರಿಗೆ ಬಿಟ್ಟದ್ದು. ಹಳೆಯ ಕ್ರ್ಯಾಂಕು ಬಂದರೆ ಉಸ್ತಾದರು ಅದನ್ನು ಹಗ್ಗದಿಂದ ತೊಲೆಗೆ ತೂಗುಹಾಕಿ, ಚಿಕ್ಕ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ನಿಲ್ಲುವರು. ಒಳಗೆ ಸೀಳಿಲ್ಲದ ಉಕ್ಕಿನ ನಾದ ಗಂಟೆಯಂತೆ ಉದ್ದಕ್ಕೆ ಹರಿಯುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಒಡಕು ಗಡಿಗೆಯಂತೆ ‘ಬದ್’ ಎಂದು ಸಾಯುತ್ತದೆ. “ಗಡಿಗಿ ಕೊಳ್ಳೋ ಹೆಣ್ಮಕ್ಕಳ ಕಿವಿ ಇರಬೇಕಪ್ಪಾ,” ಎಂದು ಅವರ ಗುರುಗಳು ಕಲಿಸಿದ್ದರು. ಉಸ್ತಾದರು ಕಣ್ಣು ತೆರೆದು “ನುಡೀತು” ಎಂದರೆ ಕ್ರ್ಯಾಂಕು ಎಂಜಿನ್ನಿಗೆ. ಅವರು ಏನೂ ಹೇಳದೆ ತಿರುಗಿದರೆ ಗುಜರಿಗೆ.

ಈ ಕಿವಿಯ ಬಗ್ಗೆ ಮನೆಯಲ್ಲಿ ಮಾತ್ರ ಬೇರೆ ಅಭಿಪ್ರಾಯವಿತ್ತು. “ಕುಕ್ಕರ್ ಏಳು ಸಲ ಕೂಗ್ತು, ಪಕ್ಕದಾಗ ಕೂತು ಪೇಪರ್ ಓದಾಕತ್ತಾರ. ಅನ್ನ ಕರಕಾತು,” ಎಂದು ಹೆಂಡತಿ ಮಾಬೂಬಿ ಬೈದರೆ, “ನನ್ನ ಕಿವಿ ಕಬ್ಬಿಣಕ್ಕ ಇರೂದು, ಕುಕ್ಕರಿಗೆ ಅಲ್ಲ,” ಎಂದು ಉಸ್ತಾದರು ನಗುತ್ತಿದ್ದರು. ಅವರ ನಗುವಿನಲ್ಲಿ ಒಂದಿಷ್ಟು ಜಂಬವೂ ಇರುತ್ತಿತ್ತು.

ಮಹಾನವಮಿಗೆ ಎರಡು ದಿನ ಮೊದಲು ಅಮರೇಶನ ವ್ಯಾನಿಗಾಗಿ ಒಂದು ಹಳೆಯ ಕ್ರ್ಯಾಂಕು ಬಂತು. ಅಮರೇಶ ದಿನವೂ ಹನ್ನೆರಡು ಮಂದಿ ರೋಗಿಗಳನ್ನು ಸತ್ತೂರಿನ ಆಸ್ಪತ್ರೆಗೆ ಕರೆದೊಯ್ದು ಕರೆತರುವವನು. ಅವನ ಎಂಜಿನ್ನಿಗೆ ಹೊಸ ಕ್ರ್ಯಾಂಕು ಎಲ್ಲಿಯೂ ಸಿಗುತ್ತಿರಲಿಲ್ಲ. ಉಸ್ತಾದರು ಹಳೆಯದನ್ನು ತೂಗುಹಾಕಿದರು, ಬಡಿದರು, ಕಣ್ಣು ಮುಚ್ಚಿದರು.

“ನುಡೀತು.”

ಕ್ರ್ಯಾಂಕನ್ನು ಉಜ್ಜಿ ನಯಗೊಳಿಸುವ ಯಂತ್ರದ ಬಳಿ ನೀಲಾ ನಿಂತಿದ್ದಳು. ಐಟಿಐ ಓದಿ, ನಾಲ್ಕು ವರ್ಷಗಳಿಂದ ಉಸ್ತಾದರ ಕೈಕೆಳಗೆ ಕ್ರ್ಯಾಂಕು ಉಜ್ಜುವವಳು. “ಕಾಕಾ, ಒಮ್ಮೆ ಸೀಮೆಸುಣ್ಣದ ಪುಡಿ ಹಚ್ಚಿ ನೋಡೂಣೇನ್ರಿ?” ಎಂದಳು. ಡೀಸೆಲ್ಲಿನಲ್ಲಿ ನೆನೆಸಿ, ಒರೆಸಿ, ಬಿಳಿ ಪುಡಿ ಹಚ್ಚಿಟ್ಟರೆ ಸೀಳಿನೊಳಗೆ ಅಡಗಿದ ಡೀಸೆಲ್ಲು ಹೊರಗೆ ಜಿನುಗಿ ಗೆರೆಯಾಗಿ ಕಾಣುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ಪರೀಕ್ಷೆ.

“ಅದು ಕಿವಿ ಇಲ್ಲದಾವರ ಕೆಲಸ ತಂಗಿ,” ಎಂದರು ಉಸ್ತಾದರು. ನೀಲಾ ತಲೆ ತಗ್ಗಿಸಿ ಯಂತ್ರ ಚಾಲೂ ಮಾಡಿದಳು.

ಮಹಾನವಮಿಯ ದಿನ ಖಂಡೆ ಪೂಜೆ, ಅಂದರೆ ಗಾಡಿ, ಯಂತ್ರಗಳಿಗೆಲ್ಲ ಆಯುಧಪೂಜೆ. ಉಸ್ತಾದರು ನಮಾಜಿನವರಾದರೂ ಆ ದಿನ ವರ್ಕ್‌ಶಾಪನ್ನು ಗಿರಾಕಿಗಳಿಗೆ ಬಿಟ್ಟುಕೊಡುತ್ತಿದ್ದರು. ಚೆಂಡುಹೂವಿನ ಮಾಲೆಯನ್ನು ತಾವೇ ತಂದಿಡುತ್ತಿದ್ದರು. ಬೆಳಿಗ್ಗೆಯೇ ನೀಲಾ ಅಮರೇಶನ ಕ್ರ್ಯಾಂಕನ್ನು ಡೀಸೆಲ್ಲಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟಿದ್ದಳು. ಅಷ್ಟರಲ್ಲಿ ಅಮರೇಶ ತನ್ನ ತಾಯಿ ಮುರಿಗೆವ್ವನನ್ನು ಕರೆದುಕೊಂಡು ಬಂದ. ಎಪ್ಪತ್ತೈದರ ಮುದುಕಿ, ಒಂದು ಕೈಯಲ್ಲಿ ಹೋಳಿಗೆಯ ಡಬ್ಬಿ, ಇನ್ನೊಂದರಲ್ಲಿ ವಿಭೂತಿ ಗಟ್ಟಿ.

“ಗಾಡಿಗೆ ಹಚ್ಚಿ ಬಂದೆ. ಇದಕ್ಕೂ ಹಚ್ಚತೇನಿ,” ಎಂದಳು.

“ಅವ್ವಾರ, ಎಂಜಿನ್ನಿನ್ಯಾಗ ಬೂದಿ ಹೋದರ ಬೇರಿಂಗ್ ತಿಂದ ಹಾಕತೈತ್ರಿ!”

“ನೀ ಆಮ್ಯಾಲ ತೊಳಕೋ ಹಫೀಜಪ್ಪಾ. ಅಷ್ಟೊತ್ತಿಗೆ ದೇವರು ನೋಡಿ ಆಗಿರ್ತೈತಿ. ಒಮ್ಮೆ ಎಂಜಿನ್ನಿನ ಹೊಟ್ಟ್ಯಾಗ ಹೋತಂದ್ರ ಅಲ್ಲಿ ಯಾರು ಹೊಕ್ಕು ವಿಭೂತಿ ಹಚ್ಚವರು?”

ಎಲ್ಲರೂ ನಕ್ಕರು. ಮುದುಕಿ ಗಟ್ಟಿಯನ್ನು ಪುಡಿಮಾಡಿ, ಮೊಮ್ಮಗುವಿನ ಮೈಗೆ ಪುಡಿ ಬಳಿಯುವಂತೆ ಕ್ರ್ಯಾಂಕಿನ ಮೂಲೆ ಮೂಲೆಗೂ ಸವರಿದಳು. ಹೂವಾಯಿತು, ಕಾಯಿಯಾಯಿತು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಉಸ್ತಾದರು ಎರಡನೆಯ ಹೋಳಿಗೆಗೆ ಕೈ ಚಾಚುವ ಹೊತ್ತಿಗೆ ಮುರಿಗೆವ್ವ ಮೇಜಿನ ಮೇಲೆ ಬಾಗಿದ್ದಳು.

“ಇದೇನ, ಯಾರದೋ ಕೂದಲ ಅಂಟೇತಿ,” ಎಂದು ಉಗುರಿನಿಂದ ಕೆರೆದಳು. ಕೂದಲು ಬರಲಿಲ್ಲ. ಇನ್ನೊಮ್ಮೆ ಕೆರೆದಳು. “ಬರವಲ್ದಲ್ಲ?”

ಉಸ್ತಾದರು ಎದ್ದು ಬಂದು ಕನ್ನಡಕ ಸರಿಪಡಿಸಿಕೊಂಡರು. ದಂಡ ತಿರುವು ಪಡೆಯುವ ಮೂಲೆಯಲ್ಲಿ, ಬಿಳಿಯ ವಿಭೂತಿಯ ನಡುವೆ, ಎರಡು ಬೆರಳುದ್ದದ ಕರಿ ಗೆರೆ. ಅವರು ಬಟ್ಟೆಯಿಂದ ಒರೆಸಿದರು. ತಮ್ಮ ಕೈಯಾರೆ ವಿಭೂತಿ ಉದುರಿಸಿ ಕಾದರು. ಅದೇ ಜಾಗದಲ್ಲಿ, ಅದೇ ಡೊಂಕಿನಲ್ಲಿ, ಗೆರೆ ನಿಧಾನವಾಗಿ ಮತ್ತೆ ಮೂಡಿತು. ಬಾಯಲ್ಲಿದ್ದ ಹೋಳಿಗೆ ಅವರಿಗೆ ಮಣ್ಣಾಯಿತು.

“ಆಗಾಕ ಸಾಧ್ಯ ಇಲ್ಲ,” ಎಂದರು. “ಇದು ನುಡಿದೈತಿ. ನಾನ ಕೇಳೇನಿ.”

ಅವರು ಕ್ರ್ಯಾಂಕನ್ನು ಹಗ್ಗಕ್ಕೆ ಏರಿಸಿದರು. ಸುತ್ತಿಗೆ ಎತ್ತಿ ಒಂದು ಪೆಟ್ಟು ಕೊಟ್ಟು ಕಣ್ಣು ಮುಚ್ಚಿದರು. ಅವರ ಕಿವಿಯೊಳಗೆ ಗಂಟೆ ಸ್ಪಷ್ಟವಾಗಿ ಮೊಳಗಿತು. ಉದ್ದಕ್ಕೆ, ತಂಪಾಗಿ ಹರಿಯಿತು. ಜೀವ ಬಂದಂತಾಗಿ ಅವರು ಕಣ್ಣು ತೆರೆದರು.

“ಅಯ್ಯ ಶಿವನ, ಒಡಕ ಗಡಿಗಿ ಇದ್ದಂಗೈತಲ್ಲೋ!” ಎಂದಳು ಮುರಿಗೆವ್ವ.

ಉಸ್ತಾದರು ಅಮರೇಶನನ್ನು ನೋಡಿದರು. ಅವನು ಬೇರೆಡೆ ನೋಡಿದ. ನೀಲಾಳ ಕಡೆ ತಿರುಗಿದರು. ಅವಳ ಕಣ್ಣು ನೆಲದಲ್ಲಿತ್ತು.

“ನೀಲಾ, ಮೊನ್ನೆನೂ ಹಿಂಗ ಆಗಿತ್ತೇನು?”

“ಹೌದ್ರಿ ಕಾಕಾ.”

“ನೀ ಕೇಳಿದ್ದಿ?”

“ಕೇಳಿದ್ದೆರಿ.”

“ಮತ್ತ ಯಾಕ ಬಾಯಿ ಬಿಡಲಿಲ್ಲ?”

“ನೀವು ನುಡೀತು ಅಂದ ಮ್ಯಾಲ ನಾ ಏನನ್ಲಿರಿ?” ಎಂದಳು ನೀಲಾ. “ನನ್ನ ಕಿವೀನ ಇನ್ನೂ ಪಳಗಿಲ್ಲ ಅನಕೊಂಡೆರಿ. ಅದಕ್ಕ ಪುಡಿ ಹಚ್ಚೂಣೇನ್ರಿ ಅಂತ ಕೇಳಿದ್ದು.”

ಹಫೀಜ ಉಸ್ತಾದರು ಸುತ್ತಿಗೆ ಹಿಡಿದೇ ನಿಂತರು. ಮೂವತ್ತೆಂಟು ವರ್ಷ ಉಕ್ಕನ್ನು ಬಡಿದೂ ಬಡಿದೂ ತಮ್ಮ ಕಿವಿ ಸವೆದು ಹೋಗಿದೆ, ಇಷ್ಟು ದಿನ ತಮಗೆ ಕೇಳಿಸುತ್ತಿದ್ದದ್ದು ಕ್ರ್ಯಾಂಕಿನ ನಾದವಲ್ಲ, ಹಳೆಯ ನಾದದ ನೆನಪು, ಎಂಬ ಸತ್ಯ ಅವರಿಗೆ ಒಮ್ಮೆಲೇ ಹೊಳೆಯಿತು. ಕುಕ್ಕರಿನ ಏಳು ಕೂಗುಗಳೂ ಆಗ ಅರ್ಥವಾದವು. ಎದೆಯೊಳಗೆ ಒಂದೇ ಪ್ರಶ್ನೆ ಕುಟ್ಟುತ್ತಿತ್ತು: ಇದೇ ಕಿವಿಯನ್ನು ನಂಬಿ ಮುಚ್ಚಿದ ಎಂಜಿನ್ನುಗಳು ಎಷ್ಟು?

“ಯಾವಾಗಿಂದ ಸಂಶಯ ಬಂತು ನಿನಗ? ಖರೇ ಹೇಳು.”

“ಬಕ್ರೀದ್ ಆದ ಮ್ಯಾಲಿಂದರಿ.”

ಬಕ್ರೀದಿನ ನಂತರ ಅವರು ಒಪ್ಪಿಗೆ ಕೊಟ್ಟ ಹಳೆಯ ಕ್ರ್ಯಾಂಕುಗಳು, ಅಮರೇಶನದನ್ನು ಬಿಟ್ಟು, ಮೂರು. ಎರಡು ಟ್ರ್ಯಾಕ್ಟರಿನವು, ಹೊಲದಲ್ಲಿ ನಿಧಾನ ಓಡುವಂಥವು. ಮೂರನೆಯದು ಗೋಪನಕೊಪ್ಪದ ಬಸಣ್ಣನ ಟೆಂಪೋ. ಅವರು ಮೊದಲು ಬಸಣ್ಣನಿಗೇ ಫೋನ್ ಹಚ್ಚಿದರು. ತಮಗೆ ಕೇಳಿಸದೆ ಹೋದೀತು ಎಂದು ಸ್ಪೀಕರ್ ಹಾಕಿದರು. ಹಾಗೆ ಹಾಕಬೇಕೆಂದು ಅವರಿಗೆ ತೋಚಿದ್ದು ಅದೇ ಮೊದಲು.

“ಉಸ್ತಾದ, ಹಬ್ಬದ ಶುಭಾಶಯ್ರಿ! ಪೂಜಿ ಆತು. ಬೀಗರನ್ನೆಲ್ಲಾ ತುಂಬಕೊಂಡು ಧಾರವಾಡಕ್ಕ ಹೊಂಟೇವಿ.”

“ಬಸಣ್ಣಾ, ಗಾಡಿ ಬಂದ್ ಮಾಡು.”

“ಯಾಕ್ರಿ? ಕುದುರಿ ಓಡಿದಂಗ ಓಡಾಕತ್ತೈತಿ!”

“ಬಂದ್ ಮಾಡು ಅಂದೆ. ಎಲ್ಲಾರನೂ ಇಳಸು. ನಿನ್ನ ಕ್ರ್ಯಾಂಕ್ ಬಡಿದು ಕೇಳಿದ ನನ್ನ ಕಿವಿ ಸತ್ತು ಹೋಗ್ಯಾವ.”

ಮುಂದಿನ ಇಬ್ಬರಿಗೂ ಅವರು ಅದೇ ಮಾತನ್ನು ಹೇಳಿದರು. “ಗ್ಯಾಸ್ಕೆಟ್ ನೋಡೂದೈತಿ” ಎಂದೋ “ಆಯಿಲ್ ಬದಲಾಸಬೇಕು” ಎಂದೋ ಸುಳ್ಳು ಹೇಳಿ ಗಾಡಿ ಕರೆಸಿಕೊಳ್ಳಬಹುದಿತ್ತು. ಅಮರೇಶ ಮೆಲ್ಲಗೆ ಅದನ್ನೇ ಸೂಚಿಸಿದ. ಉಸ್ತಾದರಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವಾಯಿತೋ, ಅವರು ಮುಂದಿನ ನಂಬರು ಒತ್ತಿದರು.

ಮೂರು ಎಂಜಿನ್ನುಗಳನ್ನು ಬಿಚ್ಚಲು ನಾಲ್ಕು ದಿನ ಹಿಡಿಯಿತು. ಕ್ರ್ಯಾಂಕುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಮುರಿಗೆವ್ವ ಕಳಿಸಿಕೊಟ್ಟ ವಿಭೂತಿಯನ್ನೇ ಹಚ್ಚಿದರು. ಟ್ರ್ಯಾಕ್ಟರಿನ ಎರಡೂ ಬೆಳ್ಳಗೆ ಉಳಿದವು. ಬಸಣ್ಣನದಕ್ಕೆ ಹಚ್ಚಿದ ಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. “ನೋಡ್ರಿ, ಸುಳ್ಳ ನನ್ನ ಹಬ್ಬಾ ಕೆಡಿಸಿದ್ರಿ,” ಎಂದು ಅವನು ಹಲ್ಲು ಕಡಿಯುತ್ತಿರುವಾಗಲೇ, ನಟ್ಟನಡುವಿನ ತಿರುವಿನಲ್ಲಿ, ಉಗುರಿನಷ್ಟೇ ಉದ್ದದ ಕರಿ ಗೆರೆ ಮೂಡಿತು. ಬಸಣ್ಣ ಅಲ್ಲಿಯೇ, ಆಯಿಲ್ ಹರಡಿದ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ. “ಒಂಬತ್ತು ಮಂದಿ ಇದ್ವಿರಿ,” ಎಂದಷ್ಟೇ ಅಂದ.

ಉಸ್ತಾದರು ತೂಗುಹಗ್ಗದ ಬಳಿ ಹೋದರು. ಹಿಡಿಕೆ ಸವೆದು ತಮ್ಮ ಅಂಗೈಯ ಆಕಾರಕ್ಕೇ ಬಂದಿದ್ದ ಸುತ್ತಿಗೆಯನ್ನು ತೆಗೆದು ನೀಲಾಳಿಗೆ ಕೊಟ್ಟರು. ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡು, ಅವರ ಕಾಲು ಮುಟ್ಟಲು ಬಾಗಿದಳು.

“ಅದೆಲ್ಲಾ ಬ್ಯಾಡ,” ಎಂದು ಅವರು ಹಿಂದೆ ಸರಿದರು. “ಬಡಿಯೂದು ನೀ, ಕೇಳೂದು ನೀ. ಆಮ್ಯಾಲ ಪುಡಿ ಹಚ್ಚೂದು. ಮತ್ತೊಂದು ಮಾತು. ಅಭ್ಯಾಸಬಲಕ್ಕ ನಾ ಎಂದಾದ್ರೂ ‘ನುಡೀತು’ ಅಂದೆ ಅಂದ್ರ, ಎಲ್ಲಾರ ಮುಂದ ‘ಇಲ್ಲ’ ಅನ್ನು.”

“ಆತ್ರಿ ಕಾಕಾ,” ಎಂದಳು ನೀಲಾ ಮೆಲ್ಲಗೆ.

“ಏನಂದಿ?”

ಅವಳು ಕಣ್ಣೊರೆಸಿಕೊಂಡಳು.

“ಹಂಗಲ್ಲ,” ಎಂದರು ಉಸ್ತಾದರು. “ಜೋರ್ಲೆ ಅನ್ನು. ನನಗ ಕೇಳೂದಿಲ್ಲ.”