ಪ್ರಾಂಪ್ಟರ್ ಎಲ್‌ಸ್ಪೆತ್‌ಳ ಕುರ್ಚಿ

ಫೈಫ್ ಕರಾವಳಿಯ ನಮ್ಮೂರಿನ ನಾಟಕ ಸಂಘಕ್ಕೆ ಎಲ್‌ಸ್ಪೆತ್ ರೆನಿ ಇಪ್ಪತ್ತಾರು ವರ್ಷ ಪ್ರಾಂಪ್ಟರ್ ಆಗಿದ್ದಳು. ಎಡಗಡೆಯ ಪರದೆಯ ಮರೆಯಲ್ಲಿ ಕಾಲು ಅಲ್ಲಾಡುವ ಒಂದು ಕುರ್ಚಿ, ಮಡಿಲಲ್ಲಿ ಪುಸ್ತಕ, ದವಡೆಯಲ್ಲಿ ಪೆಪ್ಪರ್‌ಮಿಂಟು. ಪಾದ್ರಿಯಿಂದ ಹಿಡಿದು ಕಟುಕನವರೆಗೆ ಮಾತು ಮರೆತವರ ಬಾಯಿಗೆಲ್ಲ ಮಾತು ಹಾಕಿದವಳು. ಮನೆಯಲ್ಲಿ ಗಂಡನ ಬಾಯಿಗೂ.

ಗಂಡ ಡೂಗಲ್‌ಗೆ ಮೀನಿಗೆ ಹೊಗೆ ಕೊಡುವ ಶೆಡ್ಡಿನಲ್ಲಿ ಕೆಲಸ. ಯಾವ ಟೈ ಕಟ್ಟಲಿ ಎಂದೂ ಹೆಂಡತಿಯನ್ನೇ ಕೇಳುವ ಪ್ರಾಣಿ. ಸಂಘದವರು ‘ಆ ನಾಟಕ’ ಆಡಲು ಹೊರಟಾಗ ನಾಯಕನ ಪಾತ್ರಕ್ಕೆ ಅವನ ಹೆಸರು ಕೊಟ್ಟವಳು ಅವಳೇ. ಆ ನಾಟಕದ ಹೆಸರನ್ನು ಸಭಾಂಗಣದೊಳಗೆ ಯಾರೂ ಎತ್ತುವುದಿಲ್ಲ, ಎತ್ತಿದರೆ ಕೇಡು. ಬಾಯಿತಪ್ಪಿ ಅಂದವನು ಹೊರಗೆ ಹೋಗಿ, ಮೂರು ಸುತ್ತು ತಿರುಗಿ, ಉಗಿದು, ಬಾಗಿಲು ತಟ್ಟಬೇಕು. ಕೇಳಿಸಿಕೊಂಡವರು ‘ಬಾ’ ಅನ್ನುವ ತನಕ ಅವನಿಗೆ ಒಳಗೆ ಜಾಗವಿಲ್ಲ.

“ನನ್ ಕೈಲಾಗಲ್ಲ ಕಣೇ” ಅಂದ ಡೂಗಲ್.

“ದಿನಾ ಮೀನುಗಳ ಹತ್ರ ಮಾತಾಡ್ತೀಯ. ಇಲ್ಲಿ ಜನ ಇರ್ತಾರೆ, ಅಷ್ಟೇ.”

ಆ ನಾಟಕದಲ್ಲಿ ಮೊದಲಿಗೆ ಹೆಂಡತಿ ಗಟ್ಟಿಗಿತ್ತಿ, ಗಂಡ ಪುಕ್ಕಲ. ಅವಳು ಹಿಂದಿನಿಂದ ದೂಡುತ್ತಾಳೆ, ಅವನು ಮನೆಗೆ ಬಂದ ರಾಜನನ್ನು ಕೊಂದು ತಾನೇ ರಾಜನಾಗುತ್ತಾನೆ. ಎರಡನೆಯ ಕೊಲೆಯ ಹೊತ್ತಿಗೆ ಅವಳಿಗೆ ತಿಳಿಸುವುದನ್ನೂ ಬಿಟ್ಟಿರುತ್ತಾನೆ. ಕೊನೆಗೆ ಅವನು ಕಲ್ಲು. ಅವಳು ನಿದ್ದೆಗಣ್ಣಲ್ಲಿ ಒಬ್ಬಳೇ ಮಾತಾಡುತ್ತ ಓಡಾಡಿ ಸಾಯುತ್ತಾಳೆ. ಇದೆಲ್ಲ ಪುಸ್ತಕದ ವಿಷಯ ಎಂದೇ ಎಲ್‌ಸ್ಪೆತ್ ತಿಳಿದಿದ್ದಳು.

ಅಡುಗೆಮನೆಯ ಮೇಜಿನ ಬಳಿ ತಾಲೀಮು ಶುರುವಾಯಿತು, ನಾಟಕದ ಹೆಂಡತಿಯ ಮಾತು ಎಲ್‌ಸ್ಪೆತ್ ಓದುವಳು. ಮೂರನೆಯ ವಾರ ಡೂಗಲ್ ತಾನೇ ಹೋಗಿ ಟೈ ತಂದ. ಐದನೆಯ ವಾರ ಸಾರಿಗೆ ಉಪ್ಪು ಕಡಿಮೆ ಎಂದ, ಮೂವತ್ತು ವರ್ಷದಲ್ಲಿ ಮೊದಲ ಸಲ. ಎಲ್‌ಸ್ಪೆತ್‌ಳ ಮಾತು ಕಡಿಮೆಯಾಯಿತು. ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಆಮೇಲೊಂದು ದಿನ ನಾಟಕ ಆಡಿಸುವ ವಿನಿಫ್ರೆಡ್ ಟೀಚರ್ ರಸ್ತೆಯಲ್ಲಿ ಸಿಕ್ಕಿದರು. “ಈ ಸಲ ನೀನು ಎದುರುಗಡೆ ಹಾಯಾಗಿ ಕೂತ್ಕೊಂಡು ನೋಡು. ನಿನ್ ಪಿಸುಮಾತು ಅಡ್ಡ ಬರುತ್ತಂತೆ, ಬೇರೆಯವರನ್ನ ಕೂರ್ಸಿ ಅಂದ ಡೂಗಲ್. ನಿನಗೆ ಹೇಳಿದಾನಲ್ಲ?”

“ಹೇಳಿದಾನೆ” ಅಂದಳು. ಅವನು ಹೇಳಿರಲಿಲ್ಲ. ಮನೆಗೆ ಬಂದು ಆಲೂಗಡ್ಡೆ ಬೇಯಿಸಿದಳು. ಇಪ್ಪತ್ತಾರು ವರ್ಷದಲ್ಲಿ ತನ್ನದು ಅಂತ ಇದ್ದದ್ದು ಆ ಕುರ್ಚಿಯೊಂದೇ.

ನಾಟಕದ ದಿನ ಸಂಜೆ, ಹೊಲಿದ ನಿಲುವಂಗಿ ಕೊಡಲು ಬಣ್ಣದ ಕೋಣೆಗೆ ಹೋದಳು. ಡೂಗಲ್ ಕಿರೀಟ ಇಟ್ಟುಕೊಂಡು ಕನ್ನಡಿಯ ಮುಂದೆ ಒಬ್ಬನೇ ನಿಂತಿದ್ದ. ಎದೆಯುಬ್ಬಿಸಿ, ಎತ್ತಬಾರದ ಆ ನಾಟಕದ ಹೆಸರನ್ನು ಪೂರ್ತಿಯಾಗಿ ಹೇಳಿ, “ಈ ಊರಲ್ಲಿ ರಾಜ ಅಂದ್ರೆ ನಾನೊಬ್ನೇ” ಅಂದ.

“ಹೊರಗೆ ನಡಿ” ಅಂದಳು ಎಲ್‌ಸ್ಪೆತ್.

“ಮಳೆ ಬರ್ತಿದೆ ಕಣೇ.”

“ಕಾಣ್ತಿದೆ.”

ರಾಜ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ ಮೂರು ಸುತ್ತು ತಿರುಗಿದ, ಉಗಿದ. ಗೋಡೆಯ ಮೇಲಿನ ಎರಡು ಕಡಲಕ್ಕಿಗಳು ನೋಡಿದವು. ಆಮೇಲೆ ಬಾಗಿಲು ತಟ್ಟಿದ.

“ಬರ್ಲಾ?”

ಅವನು ಅವಳನ್ನು ಏನನ್ನಾದರೂ ಕೇಳಿ ಏಳು ವಾರವಾಗಿತ್ತು.

“ಯಾರನ್ನ ಕೇಳ್ತಿದೀಯ?”

“ನಿನ್ನನ್ನೇ, ಎಲ್ಸಿ.”

“ನಾನು ಎದುರುಗಡೆ ಕೂತ್ಕೋಬೇಕಂತಲ್ಲ. ಅಲ್ಲಿಂದ ಬಾಗಿಲು ತೆಗೆಯೋಕಾಗಲ್ಲ.”

“ನೀನು ಪಕ್ಕದಲ್ಲಿದ್ರೆ ಮತ್ತೆ ಹಳೇ ಡೂಗಲ್ ಆಗ್ಬಿಡ್ತೀನಿ ಅಂತ ಭಯ ಆಯ್ತು” ಅಂದ. “ಕುರ್ಚಿ ನಿಂದೇ.”

“ಬಾ” ಅಂದಳು.

ಕೊನೆಯ ಅಂಕದಲ್ಲಿ ರಾಣಿ ಸತ್ತಳೆಂಬ ಸುದ್ದಿ ಬಂತು. ಡೂಗಲ್ ಮಾತಾಡಲಿಲ್ಲ. ಸಭಾಂಗಣದಲ್ಲಿ ಕೆಮ್ಮು ನಿಂತಿತು. ಪರದೆಯ ಮರೆಯ ತನ್ನ ಕುರ್ಚಿಯಲ್ಲಿ ಕೂತಿದ್ದ ಎಲ್‌ಸ್ಪೆತ್‌ಳ ಬೆರಳು ಪುಸ್ತಕದ ಸಾಲಿನ ಮೇಲೆಯೇ ಇತ್ತು, ಆದರೂ ಅವಳು ಮಾತು ಹಾಕಲಿಲ್ಲ. ಅಡುಗೆಮನೆಯಲ್ಲಿ ಇನ್ನೂರು ಸಲ ಕೇಳಿದ ಸಾಲು, ಅವನು ಅದನ್ನು ಮರೆತಿರಲಿಲ್ಲ. ಸುದ್ದಿ ತಂದವನನ್ನು ಬಿಟ್ಟು ಪರದೆಯ ಮರೆಯನ್ನೇ ನೋಡುತ್ತಿದ್ದ.

ಎಲ್‌ಸ್ಪೆತ್ ಕೈಯೆತ್ತಿ ತೋರಿಸಿದಳು, ಇಲ್ಲೇ ಇದ್ದೇನೆ ಎಂದು. ಆಮೇಲೆ ಅವನು ಸತ್ತ ಹೆಂಡತಿಯ ಕುರಿತ ಮಾತನ್ನು ಆಡಿದ.