ಮೊಣಕಾಲುದ್ದ ಹಿಮ

ಹತ್ತಿಗೆ ವಾಸನೆ ಇರುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ, ಕಳೆದ ಭಾನುವಾರದವರೆಗೆ ಇಲ್ಲ ಎಂದೇ ಹೇಳುತ್ತಿದ್ದೆ. ಅವತ್ತು ಮಗಳ ಹಿಮ್ಮಡಿಗೆ ಹೊಸ ಶೂ ಕಚ್ಚಿ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದು ಕೀವಾಗಿ, ಕೀವು ಮೈಗೆಲ್ಲ ಏರಿ, ಕ್ರಿಸ್ಮಸ್ ರಜೆಯಲ್ಲಿ ಡಾಕ್ಟರು ಸಿಗದೆ... ಎಂದು ನನ್ನ ತಲೆ ಎಂದಿನಂತೆ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಬಂದಿತು. ಹಾಗಾಗಿ ಇಲ್ಲಿ ಆಕ್ಲೆಂಡಿನ ಬಾಟನಿ ಡೌನ್ಸ್‌ನ ಮಾಲ್‌ಗೆ ಓಡಿ, ಒಂದು ಗುಳ್ಳೆಗೆ ಒಂದು ಚೀಲ ತುಂಬುವಷ್ಟು ಔಷಧಿ ಸಾಮಾನು ಕೊಂಡೆ. ಅಂಗಡಿ ಗಾಜಿನ ಮೇಲೆಲ್ಲ ಬಿಳಿ ಬಣ್ಣ ಸಿಂಪಡಿಸಿ ಹಿಮ ಮಾಡಿದ್ದರು. ಅದರ ಮುಂದೆ ಚಡ್ಡಿ, ಹವಾಯಿ ಚಪ್ಪಲಿಯ ಜನ ಐಸ್‌ಕ್ರೀಂ ನೆಕ್ಕುತ್ತ ಓಡಾಡುತ್ತಿದ್ದರು. ಕಾರಿಗೆ ಬಂದು ಕೂತು, ಸರಿಯಾದದ್ದನ್ನೇ ತಂದಿದ್ದೇನೆಯೇ ಎಂದು ಹತ್ತಿಯ ಸುರುಳಿ ಬಿಚ್ಚಿದೆ. ಬಿಸಿಲಿಗೆ ಕಾದ ಕಾರಿನಲ್ಲಿ ಅದರ ವಾಸನೆ ಎದ್ದಿತು. ಒಣಗಿದ, ತುಸು ಆಸ್ಪತ್ರೆಯಂಥ, ತುಸು ಧೂಳಿನಂಥ ವಾಸನೆ.

ಅದು ಡಿಸೆಂಬರಿನಲ್ಲಿ ಅಂಕಲ್ ಮನೆಯ ವಾಸನೆ.

ನ್ಯೂಜಿಲೆಂಡಿಗೆ ಓದಲು ಬಂದ ಮೊದಲ ಎರಡು ವರ್ಷ ನಾನು ತಕಾನಿನಿಯಲ್ಲಿ ಅಂಕಲ್, ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಆಮೇಲೆ ಕೆಲಸ, ಮದುವೆ, ಮಗು ಎಲ್ಲ ಆಗಿ ಎರಡು ಬೀದಿ ಆಚೆ ಮನೆ ಮಾಡಿದರೂ ಭಾನುವಾರದ ಊಟ ಅಲ್ಲೇ. ಅವರು ಹಾಸನದ ಕಡೆಯ ಕ್ರೈಸ್ತರು. ಅಂಕಲ್ ತಂದೆ ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕ್ರಿಸ್ಮಸ್ ಬಂತೆಂದರೆ ಗಾಯಕ್ಕೆ ಹಾಕುವ ಹತ್ತಿಯ ದೊಡ್ಡ ಸುರುಳಿಯೊಂದು ಚರ್ಚಿನ ಗೋದಲಿಗೆ ಹೋಗುತ್ತಿತ್ತಂತೆ. ಮಣ್ಣಿನ ಬಾಲಯೇಸು, ಮಣ್ಣಿನ ಕುರಿ, ಮಣ್ಣಿನ ಕುರುಬರು, ಸುತ್ತ ಮೊಣಕೈ ಎತ್ತರ ಹತ್ತಿಯ ಹಿಮ. ಹಾಸನದ ಮಾಗಿ ಚಳಿಗೆ ಹಲ್ಲು ಕಟಕಟ ಅನ್ನುತ್ತ ನಿಂತು ನೋಡಿದರೆ ಅದು ಹತ್ತಿ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ ಎನ್ನುತ್ತಿದ್ದರು.

ಹಾಗೆ ಹಿಮ ನೋಡಿಕೊಂಡು ಬೆಳೆದವರು ನ್ಯೂಜಿಲೆಂಡಿಗೆ ಹೊರಟಾಗ ಏನು ಮಾಡಿಯಾರು? ಫೋಟೋಗಳಲ್ಲಿ ಬಿಳಿ ಬೆಟ್ಟ ಕಂಡಿತ್ತು. ಟಿಕೆಟ್ ಡಿಸೆಂಬರ್ ಇಪ್ಪತ್ತಕ್ಕೆ ಸಿಕ್ಕಿತು. ಎರಡನ್ನೂ ಕೂಡಿಸಿದರು. ಎರಡು ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ಹಾಕಿಕೊಂಡೇ ಆಕ್ಲೆಂಡಿನಲ್ಲಿ ಇಳಿದರು. ಇಲ್ಲಿ ಡಿಸೆಂಬರೆಂದರೆ ನಡುಬೇಸಿಗೆ, ಹೊರಗೆ ಬಿಸಿಲು ಸುಡುತ್ತಿತ್ತು. "ಬೆವರು ಕಿತ್ಕೊಂಡು ಬರ್ತಿದೆ, ಆದ್ರೂ ಟೋಪಿ ತೆಗೀಲಿಲ್ಲ ಮಹಾರಾಯ. ಸಂಜೆಗೆ ಬೀಳತ್ತೆ ಇರು ಅಂದ್ರು" ಎಂದು ಆಂಟಿ ಪ್ರತಿ ವರ್ಷ, ಪ್ರತಿ ಅತಿಥಿಗೆ ಹೇಳುತ್ತಿದ್ದರು. ಅಂಕಲ್ ಪ್ರತಿ ಸಲ ಹೊಸದಾಗಿ ನಾಚಿಕೊಳ್ಳುತ್ತಿದ್ದರು.

ಆದರೆ ಆಸೆ ಬಿಟ್ಟಿರಲಿಲ್ಲ. ಡಿಸೆಂಬರ್ ಬಂದರೆ ಮನೆಯೊಳಗಿನ ಮರಕ್ಕೂ, ಅಂಗಳದ ನಿಂಬೆ ಗಿಡಕ್ಕೂ ಹತ್ತಿ ಹೊದಿಸುತ್ತಿದ್ದರು. "ಇಲ್ಲಿ ಒಂದೇ ದಿನ ಬಿಸಿಲು, ಮಳೆ, ಗಾಳಿ ಎಲ್ಲಾ ಬರತ್ತೆ. ಹಿಮ ಒಂದಕ್ಕೆ ಏನಯ್ಯ ದಾಡಿ? ಹವಾಮಾನ ಬೇರೆ ಕೆಟ್ಟಿದೆ ಅಂತಾರೆ, ಕೆಟ್ಟಿದ್ದು ಒಂದ್ಸಲ ನಮ್ಮ ಕಡೆಗೂ ಕೆಡಲಿ" ಎನ್ನುತ್ತಿದ್ದರು. ತಮಾಷೆಯೆಂದರೆ, ಅವರ ಕೆಲಸ ಈಸ್ಟ್ ತಮಾಕಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ. ದಿನವಿಡೀ ದಪ್ಪ ಕೋಟು ಹಾಕಿ, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತ ಬಟಾಣಿ, ಕುರಿಮಾಂಸದ ಪೆಟ್ಟಿಗೆ ಜೋಡಿಸುವುದು. "ದಿನಾ ಅದರಲ್ಲೇ ಇರ್ತೀರಲ್ಲ ಅಂಕಲ್" ಎಂದರೆ ಅವರಿಗೆ ನಿಜಕ್ಕೂ ಬೇಸರವಾಗುತ್ತಿತ್ತು. "ಅದು ಐಸು ಕಣಯ್ಯ. ಗೋಡೆಯಿಂದ ಬರತ್ತೆ. ಹಿಮ ಮೇಲಿಂದ ಬರತ್ತೆ."

ಜುಲೈ ಚಳಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ನನ್ನ ಕಿಟಕಿ ಬಡಿಯುತ್ತಿದ್ದರು. "ಬಾರಯ್ಯ, ಬಿದ್ದಿದೆ!" ನಾನು ಕಣ್ಣುಜ್ಜಿಕೊಂಡು ಬಂದರೆ ಅಂಗಳ ಅಕ್ಕಿ ಹಿಟ್ಟು ಚೆಲ್ಲಿದಂತೆ ಇರುತ್ತಿತ್ತು. ಅವರು ಬೂಟಿನಲ್ಲಿ ತುಳಿದು ಕರಕರ ಶಬ್ದ ಕೇಳುತ್ತಿದ್ದರೆ, ನಾನು ಕಾಲು ಜಾರಿ ಸೊಂಟ ಮುರಿದರೆ ವಿಮೆ ಕೊಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಒಂಬತ್ತಕ್ಕೆ ಬಿಸಿಲು ಬಂದು ಎಲ್ಲ ನೀರು.

ಇಲ್ಲಿ ಜುಲೈನಲ್ಲಿ ಇನ್ನೊಂದು ಕ್ರಿಸ್ಮಸ್ ಮಾಡುವ ರೂಢಿಯಿದೆ, ನಿಮಗೆ ಗೊತ್ತಿರಬಹುದು. ನಡುಚಳಿಗಾಲದ ಕ್ರಿಸ್ಮಸ್. ಆಫೀಸುಗಳಲ್ಲಿ ಊಟ, ಟೋಪಿ, ಉಡುಗೊರೆ. ಅಂಕಲ್ ಕೆಲಸದ ಜಾಗದಲ್ಲಿ ಇದನ್ನು ನೋಡಿ ಬಂದವರು ಹೊಸ ಲೆಕ್ಕಾಚಾರ ಶುರು ಮಾಡಿದರು. ಡಿಸೆಂಬರಿಗೆ ಹಿಮ ಬರುವುದಿಲ್ಲವಾದರೆ ಕ್ರಿಸ್ಮಸ್ಸನ್ನೇ ಹಿಮದ ಹತ್ತಿರ ಒಯ್ದರಾಯಿತು. ಟೌಪೊ ಸರೋವರ ದಾಟಿ ದಕ್ಷಿಣಕ್ಕೆ ಹೋದರೆ ರುವಾಪೆಹು ಬೆಟ್ಟದ ಪಕ್ಕ ಡೆಸರ್ಟ್ ರೋಡ್ ಇದೆ. ಹೆಸರು ಮರುಭೂಮಿಯದು, ಚಳಿಗಾಲದಲ್ಲಿ ಮುಚ್ಚುವುದು ಹಿಮಕ್ಕೆ. ಅಲ್ಲಿ ರಸ್ತೆ ಬದಿ ನಿಜವಾದ ಹಿಮದಲ್ಲಿ ಗೋದಲಿ ಇಡಬೇಕು, ಒಂದು ಹಾಡು ಹೇಳಬೇಕು, ಕೇಕ್ ಕತ್ತರಿಸಬೇಕು, ವಾಪಸ್ ಬರಬೇಕು. ಅಷ್ಟೇ. ಅವರ ಕಣ್ಣಲ್ಲಿ ಪೊರೆ ಬೆಳೆಯುತ್ತಿತ್ತು. ಕೆಲಸದಲ್ಲೂ ಫೋರ್ಕ್‌ಲಿಫ್ಟ್ ಬಿಡಿಸಿ ಕೈಯಲ್ಲೇ ಪೆಟ್ಟಿಗೆ ಜೋಡಿಸಲು ಹಾಕಿದ್ದರು. ಹೈವೇಯಲ್ಲಿ ಕಾರು ಓಡಿಸಲು ಆಂಟಿ ಬಿಡುತ್ತಿರಲಿಲ್ಲ. ಟೂರಿನ ಬಸ್ಸಿನಲ್ಲಿ ಗೋದಲಿ ಹಿಡಿದುಕೊಂಡು ಹೋಗಲು ಅವರಿಗೆ ಸಂಕೋಚ.

"ನಾನು ಕರ್ಕೊಂಡು ಹೋಗ್ತೀನಿ ಅಂಕಲ್" ಎಂದುಬಿಟ್ಟೆ. ಅನ್ನ, ಸಾರು, ಹುರಿದ ಮೀನು ಹೊಟ್ಟೆಯಲ್ಲಿದ್ದ ಹೊತ್ತು. ಆ ಹೊತ್ತಿನಲ್ಲಿ ನಾನೂ ಧೈರ್ಯವಂತನೇ.

ಹದಿನೈದು ದಿನ ತಯಾರಿ ಮಾಡಿದೆ. ಹಿಮದಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿ ಬಾಡಿಗೆಗೆ ತಂದೆ. ವಿಡಿಯೋ ನೋಡಿ ಮನೆ ಮುಂದೆ ಮೂರು ಸಲ ಕಟ್ಟಿ ಬಿಚ್ಚಿದೆ. ಎರಡು ಸಲ ತಪ್ಪು ಚಕ್ರಕ್ಕೆ ಕಟ್ಟಿದ್ದೆ. ಕಂಬಳಿ, ಟಾರ್ಚು, ಮೂರು ದಿನಕ್ಕಾಗುವ ಅವಲಕ್ಕಿ ಇಟ್ಟುಕೊಂಡೆ. ರಸ್ತೆಯ ಮೇಲೆ ಕಣ್ಣಿಗೆ ಕಾಣದಂತೆ ಕಟ್ಟುವ ತೆಳು ಮಂಜುಗಡ್ಡೆಯ ಬಗ್ಗೆ ಓದಿದೆ. ಅದನ್ನು ಓದಬಾರದಿತ್ತು. ಶುಕ್ರವಾರದ ಹೊತ್ತಿಗೆ ನನ್ನ ತಲೆಯಲ್ಲಿ ಕಾರು ಏಳೆಂಟು ಸಲ ಕಂದಕಕ್ಕೆ ಉರುಳಿ, ಅಂಕಲ್ ಆಂಟಿ ಇಬ್ಬರ ಅಂತ್ಯಸಂಸ್ಕಾರವೂ ಮುಗಿದು, ಜನ ನನ್ನನ್ನು ಬೈಯುತ್ತಿದ್ದರು.

ಶನಿವಾರ ಬೆಳಿಗ್ಗೆ ಅವರ ಮನೆ ಮುಂದೆ ಕಾರು ನಿಲ್ಲಿಸಿ ಫೋನಿನಲ್ಲಿ ನೋಡಿದೆ. ರಸ್ತೆ ತೆರೆದಿದೆ, ಎಚ್ಚರಿಕೆಯಿಂದ ಚಲಿಸಿ ಎಂದಿತ್ತು. ಬೇರೆ ಯಾರಾದರೂ ಮೊದಲ ಎರಡು ಪದ ಓದುತ್ತಿದ್ದರು. ನಾನು ಕೊನೆಯ ಎರಡು ಓದಿದೆ.

ಬಾಗಿಲು ತೆರೆದೇ ಇತ್ತು. ಅಂಕಲ್ ಸಿದ್ಧರಾಗಿ ನಿಂತಿದ್ದರು. ಎರಡು ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್. ಕೈಯಲ್ಲಿ ಕೇಕಿನ ಡಬ್ಬಿ. ಮೇಜಿನ ಮೇಲೆ ಊರಿನಿಂದ ತಂದಿದ್ದ ಮಣ್ಣಿನ ಗೊಂಬೆಗಳನ್ನು ಆಂಟಿ ಒಂದೊಂದಾಗಿ ಕಾಗದದಲ್ಲಿ ಸುತ್ತಿ ಬುಟ್ಟಿಗಿಡುತ್ತಿದ್ದರು.

"ಅಂಕಲ್... ರಸ್ತೆ ಮುಚ್ಚಿದ್ದಾರೆ" ಎಂದೆ.

ಅವರ ಮುಖ ಇಳಿಯುತ್ತದೆ, ನಾನು ಸಮಾಧಾನ ಹೇಳುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವರ ಮುಖ ಅರಳಿತು.

"ಅಷ್ಟೊಂದು ಬಿದ್ದಿದೆಯೇನಯ್ಯ?"

"ಹೂಂ ಅಂಕಲ್. ಮೊಣಕಾಲುದ್ದ."

"ಕೇಳಿದ್ಯೇನೇ? ಮೊಣಕಾಲುದ್ದವಂತೆ!" ಎಂದು ಆಂಟಿಯತ್ತ ತಿರುಗಿದರು. "ಬಾ, ಕೂತ್ಕೊ. ಇಲ್ಲೇ ತಿನ್ನೋಣ ಕೇಕು. ಹೇಳು, ಮರದ ಮೇಲೂ ಕೂತಿದೆಯಂತಾ? ಇನ್ನೂ ಬೀಳ್ತಿದೆಯಾ, ನಿಂತಿದೆಯಾ?"

ಕೂತೆ. ಕೇಕ್ ತಿಂದೆ. ಮರದ ಮೇಲೂ ಕೂರಿಸಿದೆ. ಬೇಲಿ ಗೂಟದ ತುದಿಗೆಲ್ಲ ಒಂದೊಂದು ಇಡ್ಲಿ ಇಟ್ಟ ಹಾಗೆ ಕಾಣುತ್ತಿದೆ ಅಂತ ಫೋಟೋ ಹಾಕಿದ್ದಾರೆ ಎಂದೆ. ಸುಳ್ಳು ಹೇಳುವುದರಲ್ಲಿ ನನಗೆ ಇಷ್ಟು ಪ್ರತಿಭೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಫೋಟೋ ತೋರಿಸು ಎನ್ನಲಿಲ್ಲ... ಎಂದಿದ್ದರೆ ಚೆನ್ನಾಗಿತ್ತು. ಆಂಟಿ ಕಾಗದದ ಪೊಟ್ಟಣಗಳನ್ನು ಬುಟ್ಟಿಯಿಂದ ತೆಗೆದು ಕಪಾಟಿಗೆ ಇಟ್ಟರು.

ಮರುದಿನ ಚರ್ಚಿನಲ್ಲಿ ಎಲ್ಲರಿಗೂ ಹೇಳಿದರಂತೆ, ಮೊಣಕಾಲುದ್ದ ಬಿದ್ದು ರಸ್ತೆಯೇ ಮುಚ್ಚಿ ಹೋಯಿತು ಎಂದು. ಹೋಗಿ ಬಂದವರಿಗಿಂತ ಹೆಚ್ಚು ಸಂಭ್ರಮದಲ್ಲಿ. ಆಗಸ್ಟಿನಲ್ಲಿ ಒಂದು ಸಲ, ಕೈ ತೊಳೆಯುತ್ತ, "ರಸ್ತೆ ತೆಗೆದ್ರಾ?" ಎಂದು ಕೇಳಿದರು. "ಇನ್ನೂ ಸರಿಯಾಗಿಲ್ಲ ಅಂಕಲ್" ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು... ಅಥವಾ ಪೊರೆ ಬಂದ ಕಣ್ಣಿಗೆ ನಾನು ಮಸುಕಾಗಿ ಕಂಡಿರಬಹುದು. ಆಮೇಲೆ ಕೇಳಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ, ಕೆಲಸ ಮುಗಿಸಿ ದಪ್ಪ ಕೋಟು ಬಿಚ್ಚುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಅಂತ್ಯಸಂಸ್ಕಾರ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಚಹಾ ಕೊಡುತ್ತಿದ್ದರು. ಆಂಟಿ ನನ್ನ ಮುಂಗೈ ಹಿಡಿದುಕೊಂಡು ಬಂದವರಿಗೆಲ್ಲ ಹೇಳಿದರು: "ಇವನು ಬಾಗಿಲಿಗೆ ಬಂದು ನಿಂತಿದ್ದ, ಕರ್ಕೊಂಡು ಹೋಗೋಕೆ. ಆ ದೇವರಿಗೆ ಒಂದು ದಿನ ರಸ್ತೆ ತೆಗೆಯೋಕಾಗಲಿಲ್ಲ." ಜನ ನನ್ನ ಬೆನ್ನು ತಟ್ಟಿದರು. ನಾನು ಬಾಯಲ್ಲಿ ಬಿಸ್ಕತ್ತು ಇದ್ದುದಕ್ಕೆ ಮಾತಾಡಲಾಗದವನಂತೆ ತಲೆಯಾಡಿಸಿದೆ. ಬಿಸ್ಕತ್ತು ಎಷ್ಟು ಹೊತ್ತು ಇರುತ್ತದೆ?

ಆ ವರ್ಷವೇ ಆಂಟಿ ಬ್ರಿಸ್ಬೇನಿನ ಮಗಳ ಮನೆಗೆ ಹೋದರು. ಅಂದಿನಿಂದ ಪ್ರತಿ ಭಾನುವಾರ ಅವರಿಗೆ ಫೋನ್ ಮಾಡುತ್ತೇನೆ. ಎಂಥ ಒಳ್ಳೆಯವನು ಎಂದು ನನ್ನ ಹೆಂಡತಿಯೇ ನಾಲ್ಕು ಜನರ ಮುಂದೆ ಹೇಳಿದ್ದಾಳೆ. ನಾನು ತಿದ್ದಿಲ್ಲ.

ಹತ್ತು ವರ್ಷ ಆ ಬೆಟ್ಟದ ಕಡೆ ತಲೆ ಹಾಕಿರಲಿಲ್ಲ. ಈ ಜುಲೈನಲ್ಲಿ ಶಾಲೆಗೆ ರಜೆ ಬಂದಾಗ, ಹಿಮ ನೋಡಲೇಬೇಕು ಎಂದು ಮಗಳು ಹಟ ಹಿಡಿದಳು. ನೆಪಗಳೆಲ್ಲ ಮುಗಿದ ಮೇಲೆ ಹೊರಟೆ. ಸ್ಟೀರಿಂಗ್ ಅನ್ನು ಎಮ್ಮೆಯ ಕೊಂಬಿನಂತೆ ಹಿಡಿದಿದ್ದ ನನ್ನನ್ನು ನೋಡಿ ಅವಳು, "ಅಪ್ಪಾ, ರಿಲ್ಯಾಕ್ಸ್. ಇಟ್ಸ್ ಜಸ್ಟ್ ಅ ರೋಡ್" ಎಂದಳು. ನಿಜ. ಬರೀ ರಸ್ತೆ. ಬಿಸಿಲಿಗೆ ಒಣಗಿ ಕಪ್ಪಗೆ, ನೇರವಾಗಿ ಬಿದ್ದುಕೊಂಡಿತ್ತು. ರಸ್ತೆ ಬದಿಯಲ್ಲಿ ಪಾದ ಮುಳುಗುವಷ್ಟು ಹಿಮ. ಒಂದು ಹಳೆಯ ಪುಟ್ಟ ಕಾರಿನಲ್ಲಿ ಬಂದಿದ್ದ, ಎಂಬತ್ತು ದಾಟಿರಬಹುದಾದ ಗಂಡ ಹೆಂಡತಿ ಮಡಚುವ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು. ಮಗಳು ಹಿಮದ ಉಂಡೆ ಮಾಡಿ ನನ್ನ ಬೆನ್ನಿಗೆ ಹೊಡೆದಳು. ಹೊಡೆಯಲಿ ಎಂದು ನಿಂತೆ.

ಹೀಗೆ, ಕಳೆದ ಭಾನುವಾರ, ಬಿಚ್ಚಿದ ಹತ್ತಿ ಕೈಯಲ್ಲಿರುವಾಗಲೇ, ಮಾಲ್‌ನ ಪಾರ್ಕಿಂಗ್ ಜಾಗದಲ್ಲೇ ಫೋನ್ ಮಾಡಿದೆ. ಆಂಟಿ ಆಗಷ್ಟೇ ಚರ್ಚಿನಿಂದ ಬಂದಿದ್ದರು.

"ಆಂಟಿ, ಒಂದು ವಿಷಯ ಹೇಳ್ಬೇಕು."

"ಮಗೂಗೆ ಏನಾಯ್ತು?"

"ಏನಿಲ್ಲ, ಹಿಮ್ಮಡೀಲಿ ಗುಳ್ಳೆ."

"ಅದಕ್ಕೆ ಈ ಧ್ವನಿನಾ? ಯಾರೋ ಹೋದ್ರು ಅಂದ್ಕೊಂಡೆ ಕಣಪ್ಪ."

"ಆಂಟಿ... ಅವತ್ತು ರಸ್ತೆ ಮುಚ್ಚಿರಲಿಲ್ಲ."

ಯಾವತ್ತು, ಯಾವ ರಸ್ತೆ ಎಂದು ಅವರು ಕೇಳಲಿಲ್ಲ. ಅವರ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು.

"ಮತ್ತೆ, ಮೊಣಕಾಲುದ್ದ?"

"ಅದೂ ನಾನೇ ಹೇಳಿದ್ದು. ನಂಗೆ ಭಯ ಆಗಿತ್ತು ಆಂಟಿ."

ಇನ್ನೊಂದು ಸಲ ಕೂಗಿತು. ಅವರು ಎದ್ದು ಆರಿಸಲಿಲ್ಲ.

"ಹತ್ತು ವರ್ಷ ದೇವರ ಹತ್ರ ಜಗಳ ಆಡಿದೀನಿ" ಎಂದರು, ನಿಧಾನವಾಗಿ. "ಒಂದು ದಿನದ ಮಟ್ಟಿಗೆ ತೆಗೆಯೋಕೆ ನಿನಗೇನಾಗಿತ್ತು ಅಂತ. ಇವತ್ತೂ ಕೇಳಿ ಬಂದೆ. ಈಗ ಮುಂದಿನ ವಾರ ಹೋಗಿ ಅಲ್ಲಿ ಏನಂತ ಹೇಳ್ಲಿ?"

"ತಪ್ಪಾಯ್ತು ಆಂಟಿ."

"ಅದು ಆಮೇಲೆ. ಮೊದ್ಲು ನಂಗೆ ಸಿಟ್ಟು ಬರ್ಲಿ. ಇನ್ನೂ ಬಂದಿಲ್ಲ, ಬರತ್ತೆ. ಬಂದ್ಮೇಲೆ ಎಷ್ಟಿದೆ ನೋಡ್ತೀನಿ. ಮುಂದಿನ ಭಾನುವಾರ ಫೋನ್ ಮಾಡು. ಎತ್ತಿದ್ರೆ ಎತ್ತಿದೆ."

ಇಟ್ಟುಬಿಟ್ಟರು.

ಹೇಳಿದರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ನನ್ನದು ಆಗಲಿಲ್ಲ. ಅಂಕಲ್ ಹೋದರೂ, ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡ ಆ ಮೊಣಕಾಲುದ್ದ ಹಿಮ ಆಂಟಿಯ ಬಳಿ ಬ್ರಿಸ್ಬೇನಿನ ಸೆಖೆಯಲ್ಲೂ ಕರಗದೆ ಇತ್ತು. ಅದನ್ನು ಎರಡು ಮಾತಿನಲ್ಲಿ ನೀರು ಮಾಡಿದೆ, ಅದೂ ನನ್ನ ಸಮಾಧಾನಕ್ಕೆ.

ಇವತ್ತು ಶನಿವಾರ. ನಾಳೆ ಅವರು ಚರ್ಚಿನಿಂದ ಬರುವ ಹೊತ್ತಿಗೆ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಅದರ ಮುಂದಿನ ಭಾನುವಾರ.